ಯಾರ ಕೂದಲು, ಮಿಸ್?

ಜುಲೈ ತಿಂಗಳ ಮಧ್ಯಾಹ್ನ. ಬಿಸಿಯೂಟ ಮುಗಿದ ಮೇಲಿನ ಮೊದಲ ಪೀರಿಯಡ್. ಒಂಬತ್ತನೇ ಕ್ಲಾಸಿನ ಮಕ್ಕಳ ಕಣ್ಣಲ್ಲಿ ಅನ್ನದ ಮಂಪರು. ನಮ್ಮ ಸಾಗರದ ಕಡೆಯ ಮಳೆ ಗೊತ್ತಲ್ಲ, ಹೆಂಚಿನ ಮೇಲೆ ಸುರಿಯೋಕೆ ಶುರುವಾದರೆ ಟೀಚರ್ ಮಾತು ಎರಡನೇ ಬೆಂಚು ದಾಟುವುದಿಲ್ಲ. ಅದಕ್ಕೇ ಮಾತು ಬಿಟ್ಟು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ‘ಒಂದು ನ್ಯಾನೋಮೀಟರ್ ಅಂದರೆ ಕೂದಲಿನ ದಪ್ಪದ 80 ಸಾವಿರದಲ್ಲಿ ಒಂದು ಪಾಲು.’ ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದವರೂ ಇದ್ದರು.

ಕೊನೆ ಬೆಂಚಿನ ಹುಡುಗ ಎದ್ದು ನಿಂತ. “ಮಿಸ್, ಯಾರ ಕೂದಲು?”

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕು, “ಕೂತ್ಕೊಳ್ಳೋ ಮಾರಾಯ” ಅಂದೆ. ಅವನು ಕೂತ. ಆದರೆ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ನೆನೆಯುತ್ತಾ ಕೂತಾಗ ಆ ಪ್ರಶ್ನೆ ಮತ್ತೆ ಬಂತು. ನಿಜ ತಾನೇ, ಯಾರ ಕೂದಲು? ನನ್ನದಾ, ನಮ್ಮ ಅಮ್ಮನದಾ, ಪಕ್ಕದ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಕೂಸಿನದಾ? ಆ ವಾಕ್ಯವನ್ನು ನಾನು ಎಷ್ಟೋ ಕಡೆ ಓದಿದ್ದೆ, ಎಷ್ಟೋ ಬ್ಯಾಚಿಗೆ ಬರೆಸಿದ್ದೆ. ಒಂದು ಸಲವೂ ಅಳೆದು ನೋಡಿರಲಿಲ್ಲ. ಅಳೆಯಬಹುದು ಅಂತಲೂ ಹೊಳೆದಿರಲಿಲ್ಲ.

ಮರುದಿನ ಪಾಠ ಮುಂದುವರಿಸುವ ಮೊದಲು ಸುಮ್ನೆ ಕೇಳಿದೆ: ನ್ಯಾನೋ ಅಂದರೆ ನಿಮಗೆ ಏನು ಗೊತ್ತು? ಒಬ್ಬಳು ಸಿಮ್ ಅಂದಳು. ಒಬ್ಬ ಕಾರು ಅಂದ. ಅಡಿಕೆ ತೋಟದವರ ಮನೆಯ ಹುಡುಗ, “ಗೊಬ್ಬರ ಮಿಸ್, ಬಾಟ್ಲಿಯಲ್ಲಿ ಬರುತ್ತೆ” ಅಂದ. ನ್ಯಾನೋ ಯೂರಿಯಾ. ಮೂರೂ ಸರಿ, ಮೂರೂ ಅವರ ಮನೆಯೊಳಗೆ ಬಂದ ಪದವೇ. ಸಿಮ್ ಕಾರ್ಡನ್ನು ಸ್ಕೇಲಿನ ಮೇಲಿಟ್ಟು ಅಳೆದೆವು. ನ್ಯಾನೋ ಸಿಮ್ಮಿನ ಉದ್ದ 12.3 ಮಿಲಿಮೀಟರ್. ಒಂದು ಮಿಲಿಮೀಟರಿಗೆ ಹತ್ತು ಲಕ್ಷ ನ್ಯಾನೋಮೀಟರ್, ಅಂದರೆ ಸಿಮ್ಮಿನ ಉದ್ದ ಒಂದು ಕೋಟಿ ಇಪ್ಪತ್ತಮೂರು ಲಕ್ಷ ನ್ಯಾನೋಮೀಟರ್. ಹೆಸರು ಇಟ್ಟವರಿಗೆ ಸಣ್ಣದು ಅಂತ ಹೇಳಬೇಕಿತ್ತು ಅಷ್ಟೇ.

ಕೂದಲಿಗೆ ಬರೋಣ.

ಅದನ್ನು ಅಳೆಯೋಕೆ ಬೇಕಾದದ್ದು ಒಂದು ಕೆಂಪು ಲೇಸರ್ ಪಾಯಿಂಟರ್, ಒಂದು ಗೋಡೆ, ಒಂದು ಟೇಪು. ಲೇಸರಿನ ಬಾಯಿಗೆ ಅಡ್ಡವಾಗಿ ಕೂದಲನ್ನು ಅಂಟಿಸಿ ಮೂರು ಮೀಟರ್ ದೂರದ ಗೋಡೆಗೆ ಬಿಟ್ಟರೆ, ಗೋಡೆಯ ಮೇಲೆ ಚುಕ್ಕಿಯ ಬದಲು ಉದ್ದಕ್ಕೆ ಸಾಲಾಗಿ ಬೆಳಕು-ಕತ್ತಲು, ಬೆಳಕು-ಕತ್ತಲು ಬೀಳುತ್ತದೆ. ಕೂದಲು ತೆಳುವಾದಷ್ಟೂ ಆ ಪಟ್ಟಿಗಳು ದೂರ ದೂರ. ಇದು ಮಕ್ಕಳಿಗೆ ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ. ಸಣ್ಣದಕ್ಕೆ ದೊಡ್ಡ ನೆರಳಾ? ಆದರೆ ಲೆಕ್ಕ ಸುಲಭ. ಬೆಳಕಿನ ಅಲೆಯುದ್ದವನ್ನು ಗೋಡೆಯ ದೂರದಿಂದ ಗುಣಿಸಿ, ಎರಡು ಕತ್ತಲ ಪಟ್ಟಿಗಳ ನಡುವಿನ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ ಸಿಗುತ್ತದೆ. ಅಲೆಯುದ್ದ ಪಾಯಿಂಟರಿನ ಚೀಟಿಯ ಮೇಲೇ ಇತ್ತು, 650 ನ್ಯಾನೋಮೀಟರ್. ಅಂತರ 28 ಮಿಲಿಮೀಟರ್ ಬಂದರೆ ಕೂದಲು ಸುಮಾರು 70 ಮೈಕ್ರಾನ್, ಅಂದರೆ 70 ಸಾವಿರ ನ್ಯಾನೋಮೀಟರ್. (ಲೇಸರನ್ನು ಮೇಜಿಗೆ ಕಟ್ಟಿ ಗೋಡೆ ಕಡೆ ತಿರುಗಿಸಿ ಇಟ್ಟಿದ್ದೆ. ಇದೊಂದು ವಿಷಯದಲ್ಲಿ ನಾನು ಬಹಳ ಬಿಗಿ. ಯಾರ ಕೈಗೂ ಕೊಡುವುದಿಲ್ಲ, ಯಾರೂ ಅದರ ಬಾಯಿ ಕಡೆ ಬಗ್ಗಬಾರದು.)

ಮಳೆ ಮೋಡಕ್ಕೆ ಕ್ಲಾಸು ಮೊದಲೇ ಅರ್ಧ ಕತ್ತಲಾಗಿತ್ತು. ಕಿಟಕಿ ಮುಚ್ಚಿದರೆ ಸಾಕಾಯ್ತು. ಎರಡು ಪೀರಿಯಡ್ ಪೂರ್ತಿ ಕೂದಲು ಕಿತ್ತುಕೊಂಡು ಕೂತೆವು. ಅಟೆಂಡರ್ ಅಣ್ಣನ ಮೀಸೆಯಿಂದಲೂ ಒಂದು ಬಂತು. 58 ಮೈಕ್ರಾನಿನಿಂದ 96ರ ತನಕ ಸಿಕ್ಕಿತು. ಪ್ರಶ್ನೆ ಕೇಳಿದ್ದ ಹುಡುಗನದು 84. ಅವನು ನೇರವಾಗಿ ಬಂದು, “ಮಿಸ್, ನಿಮ್ಮ ಬೋರ್ಡಿನ 80 ಸಾವಿರ ತಪ್ಪು, ನಂದು 84 ಸಾವಿರ” ಅಂದ. ಅವನ ಮುಖದಲ್ಲಿದ್ದ ಖುಷಿಗೆ ನಾನು ಏನಂತ ಎದುರು ಹೇಳಲಿ? ತಪ್ಪು ಅಂತಲೇ ಒಪ್ಪಿಕೊಂಡೆ.

ಆದರೆ ಮನೆಗೆ ಬಂದು ಯೋಚಿಸಿದರೆ ಅರ್ಧ ಕೆಲಸ ಹಾಗೇ ಉಳಿದಿತ್ತು. ನಾವು ಅಳೆದದ್ದು ಕೂದಲನ್ನು. 84 ಸಾವಿರ ಅನ್ನೋ ಅಂಕಿ ಸಿಕ್ಕಿತು, ಆ 84 ಸಾವಿರದಲ್ಲಿ ಒಂದು ಎಲ್ಲಿದೆ? ಒಂದು ನ್ಯಾನೋಮೀಟರ್ ಇರುವ ಯಾವುದಾದರೂ ಒಂದು ವಸ್ತು ನಮ್ಮ ಶಾಲೆಯಲ್ಲಿ ಸಿಗುತ್ತದಾ, ಅದನ್ನು ಸ್ಕೇಲಿನಿಂದ ಅಳೆಯೋಕೆ ಆಗುತ್ತದಾ? ನ್ಯಾನೋ ತಂತ್ರಜ್ಞಾನ ಅಂದ ಕೂಡಲೇ ಕೋಟಿಗಟ್ಟಲೆ ಬೆಲೆಯ ಸೂಕ್ಷ್ಮದರ್ಶಕದ ಚಿತ್ರ ತೋರಿಸಿ ಮುಗಿಸುತ್ತೇವೆ. ಚಿತ್ರ ಚೆನ್ನಾಗಿರುತ್ತದೆ. ಮಕ್ಕಳು ನಂಬುತ್ತಾರೆ ಕೂಡ. ಆದರೆ ಅದು ಟೀಚರ್ ಹೇಳಿದ್ದಕ್ಕೆ ನಂಬಿದ್ದು. ಈ ಹುಡುಗ ತನ್ನ 84 ಸಾವಿರವನ್ನು ನಂಬಿದ್ದು ಬೇರೆ ಥರ.

ಉತ್ತರ ದೇವರ ಮನೆಯ ಡಬ್ಬಿಯಲ್ಲಿತ್ತು. ಕರ್ಪೂರ.

ಶುದ್ಧ ನೀರಿನ ಮೇಲೆ ಕರ್ಪೂರದ ಸಣ್ಣ ಚೂರು ಹಾಕಿದರೆ ಅದು ಕುಣಿಯುತ್ತದೆ. ಗಿರಗಿರ ತಿರುಗುತ್ತದೆ, ಓಡುತ್ತದೆ. ಕರ್ಪೂರ ಕರಗುವ ಕಡೆ ನೀರಿನ ಮೇಲ್ಮೈಯ ಎಳೆತ ಕಡಿಮೆಯಾಗುತ್ತದೆ, ಎದುರು ಕಡೆಯ ನೀರು ಅದನ್ನು ಜಗ್ಗುತ್ತದೆ. ಚೂರು ಸೊಟ್ಟಪಟ್ಟ ಇರುವುದರಿಂದ ಒಂದೇ ಕಡೆ ಹೋಗದೆ ಹುಚ್ಚೆದ್ದು ತಿರುಗುತ್ತದೆ. ಆ ನೀರಿಗೆ ಎಣ್ಣೆ ಕೈ ಮುಟ್ಟಿಸಿ ನೋಡಿ. ಕುಣಿತ ಟಪ್ಪಂತ ನಿಲ್ಲುತ್ತದೆ.

ಇದನ್ನು ನೋಡಿ ಆಟ ಅಂತ ಬಿಡದೆ ಲೆಕ್ಕ ಹಾಕಿದವರು ಇಂಗ್ಲೆಂಡಿನ ಲಾರ್ಡ್ ರೇಲಿ. ಕುಣಿತ ನಿಲ್ಲಿಸೋಕೆ ಎಷ್ಟು ಎಣ್ಣೆ ಬೇಕು ಅಂತ 1890ರಲ್ಲಿ ಅಳೆದರು. ಸುಮಾರು 84 ಸೆಂಟಿಮೀಟರ್ ಅಗಲದ ಸ್ನಾನದ ತೊಟ್ಟಿ, ಅದರಲ್ಲಿ ನೀರು, ಮೇಲೆ ಕರ್ಪೂರ. ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ ಆಲಿವ್ ಎಣ್ಣೆ ಸಾಕಾಯ್ತು. ತೂಕದಿಂದ ಗಾತ್ರ, ಗಾತ್ರವನ್ನು ತೊಟ್ಟಿಯ ವಿಸ್ತಾರದಿಂದ ಭಾಗಿಸಿದರೆ ಎಣ್ಣೆ ಪದರದ ದಪ್ಪ. ಅವರಿಗೆ ಬಂದದ್ದು ಇಂದಿನ ಅಳತೆಯಲ್ಲಿ 1.6 ನ್ಯಾನೋಮೀಟರ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆಗ ಇನ್ನೂ ಹುಟ್ಟಿರಲಿಲ್ಲ. ಎಲೆಕ್ಟ್ರಾನನ್ನೇ ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತೊಟ್ಟಿ, ಕರ್ಪೂರ, ಎಣ್ಣೆ. ನಮ್ಮ ಶಾಲೆಯಲ್ಲಿ ಇಲ್ಲದ್ದು ಇದರಲ್ಲಿ ಏನಿದೆ?

ಮರುವಾರ ಬಿಸಿಯೂಟದ ಅಕ್ಕನ ಹತ್ತಿರ ಅಗಲದ ಸ್ಟೀಲ್ ತಟ್ಟೆಗಳನ್ನು ಇಸಿದುಕೊಂಡು ಬಂದೆ. ಆರು ಗುಂಪು, ಆರು ತಟ್ಟೆ, ಬಾವಿಯ ನೀರು. ಕರ್ಪೂರ ಹೇಗೆ ಕುಣಿಯುತ್ತದೆ ಅಂತ ಮೊದಲೇ ಭಾರಿ ಪೀಠಿಕೆ ಹಾಕಿಬಿಟ್ಟಿದ್ದೆ. ಹಾಕಿದರು. ಆರು ತಟ್ಟೆಯಲ್ಲೂ ಕರ್ಪೂರ ಸತ್ತ ನೊಣದ ಥರ ಸುಮ್ಮನೆ ತೇಲುತ್ತಾ ಬಿದ್ದುಕೊಂಡಿತು.

ಟೀಚರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ನೀರು ಬದಲಿಸಿದೆ. ಇಲ್ಲ. ಕರ್ಪೂರವೇ ನಕಲಿ ಇರಬೇಕು ಅಂದೆ. ಹೆಡ್‌ಮಾಸ್ಟರ್ ಬಾಗಿಲಲ್ಲಿ ನಿಂತು ನೋಡಿ, “ಮಂಗಳಾರತಿ ಯಾವಾಗ?” ಅಂತ ಕೇಳಿ ಹೋದರು. ಬೆಲ್ ಆಯ್ತು.

ಸ್ಟಾಫ್ ರೂಮಿನಲ್ಲಿ ಕೂತಾಗ ಹೊಳೆಯಿತು. ತಟ್ಟೆ ಅಡುಗೆಮನೆಯದು. ಸಾಂಬಾರಿನ ಒಗ್ಗರಣೆ ಎಣ್ಣೆ, ಮೇಲಿಂದ ಪಾತ್ರೆ ತಿಕ್ಕಿದ ಸೋಪು. ಅದು ಸಾಲದು ಅಂತ ಕರ್ಪೂರ ಮುರಿದು ಹಾಕಿದ್ದು ಯಾರು? ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡು, ದಿನಕ್ಕೆ ನೂರು ಸಲ ಅದನ್ನೇ ಮುಟ್ಟಿಕೊಳ್ಳುವ ಹುಡುಗಿಯರು. ಹುಡುಗರ ತಲೆಯೂ ಏನು ಕಡಿಮೆ ಇಲ್ಲ. ಅಂದರೆ ಪ್ರಯೋಗ ಸೋತಿರಲೇ ಇಲ್ಲ. ನಾನು ಕೊನೆಗೆ ತೋರಿಸಬೇಕು ಅಂದುಕೊಂಡಿದ್ದು ಮೊದಲೇ ನಡೆದುಹೋಗಿತ್ತು. ಕಣ್ಣಿಗೆ ಕಾಣದ, ಕೈಗೆ ಹತ್ತದ, ಒಂದೆರಡು ನ್ಯಾನೋಮೀಟರ್ ದಪ್ಪದ ಒಂದು ಪದರ ಆರು ತಟ್ಟೆಯ ಮೇಲೂ ಹಾಸಿಕೊಂಡು ನಮ್ಮ ಮಾನ ಕಳೆದಿತ್ತು.

ಮರುದಿನ ಬೂದಿ ಹಾಕಿ ತಿಕ್ಕಿ ನಾಲ್ಕು ಸಲ ಬಾವಿ ನೀರಲ್ಲಿ ತೊಳೆಸಿದೆ. ಕರ್ಪೂರವನ್ನು ಚಿಮುಟದಲ್ಲಿ ಹಿಡಿದು ಹಾಕಿದೆವು. ಕುಣಿಯಿತು ನೋಡಿ. ಆಮೇಲೆ ಒಬ್ಬಳು ತನ್ನ ಜಡೆಯ ತುದಿಯನ್ನು ನೀರಿಗೆ ತಾಗಿಸಿದಳು. ನಿಂತಿತು. ‘ಯಾರ ಕೂದಲು’ ಅನ್ನೋ ಪ್ರಶ್ನೆಗೆ ಹೀಗೂ ಒಂದು ಉತ್ತರ ಸಿಗುತ್ತದೆ ಅಂತ ಯಾರಿಗೆ ಗೊತ್ತಿತ್ತು.

ಪಾತ್ರೆ ತೊಳೆಯುವ ಮಾತು ಬಂದಾಗ ಆಗ್ನೆಸ್ ಪಾಕಲ್ಸ್ ಕಥೆ ಹೇಳದೆ ಇರೋಕೆ ನನಗೆ ಆಗುವುದಿಲ್ಲ. ಜರ್ಮನಿಯ ಬ್ರೌನ್‌ಶ್ವೈಗ್ ಊರಿನವರು, 1862ರಲ್ಲಿ ಹುಟ್ಟಿದ್ದು. ಹೆಣ್ಣುಮಕ್ಕಳಿಗೆ ಆಗ ಅಲ್ಲಿ ಯೂನಿವರ್ಸಿಟಿ ಬಾಗಿಲು ಮುಚ್ಚಿತ್ತು. ಮನೆಯಲ್ಲಿ ಅಪ್ಪ ಅಮ್ಮನ ಆರೈಕೆ, ಅಡುಗೆ, ಪಾತ್ರೆ. ಪಾತ್ರೆ ತೊಳೆದ ಜಿಡ್ಡು ನೀರನ್ನು ನೋಡುತ್ತಾ ನೋಡುತ್ತಾ ಅಡುಗೆಮನೆಯಲ್ಲೇ ಒಂದು ಉದ್ದನೆಯ ತಗಡಿನ ತೊಟ್ಟಿ ಮಾಡಿಕೊಂಡರು. ಮೇಲೆ ಅಡ್ಡಕ್ಕೊಂದು ತಗಡಿನ ಪಟ್ಟಿ. ಪಟ್ಟಿಯನ್ನು ಸರಿಸುತ್ತಾ ಹೋದರೆ ನೀರಿನ ಮೇಲಿನ ಜಿಡ್ಡಿನ ಪದರ ಒತ್ತಿಕೊಳ್ಳುತ್ತದೆ, ಹಿಂದಕ್ಕೆ ಸರಿಸಿದರೆ ಹರಡುತ್ತದೆ. ಒಂದು ಪುಟ್ಟ ಗುಂಡಿಯನ್ನು ನೀರಿನಿಂದ ಎತ್ತೋಕೆ ಎಷ್ಟು ಬಲ ಬೇಕು ಅಂತ ತಕ್ಕಡಿಯಲ್ಲಿ ಅಳೆದರು. ಹತ್ತು ವರ್ಷ ಹೀಗೇ ಒಬ್ಬರೇ ಮಾಡಿದರು. ರೇಲಿಯ ಕೆಲಸದ ಸುದ್ದಿ ಕೇಳಿ 1891ರ ಜನವರಿಯಲ್ಲಿ ಅವರಿಗೇ ಪತ್ರ ಬರೆದರು. ರೇಲಿ ದೊಡ್ಡ ಮನುಷ್ಯ. ಪತ್ರವನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ಅದೇ ಮಾರ್ಚಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪಾಕಲ್ಸ್ ಹೆಸರಲ್ಲೇ ಅಚ್ಚು ಹಾಕಿಸಿದರು. ಇಂದಿಗೂ ಒಂದು ಅಣು ದಪ್ಪದ ಪದರಗಳನ್ನು ಮಾಡುವ ಲ್ಯಾಬುಗಳಲ್ಲಿ ಇರುವುದು ಆ ತಗಡಿನ ತೊಟ್ಟಿಯ ಮೊಮ್ಮಕ್ಕಳೇ.

ಈ ಕಥೆ ಹೇಳಿದಾಗ ಹುಡುಗಿಯರ ಸಾಲಿನಲ್ಲಿ ಯಾರೂ ಏನೂ ಮಾತಾಡಲಿಲ್ಲ. ಮಧ್ಯಾಹ್ನ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಮೂವರು ನಿಂತು ನೀರನ್ನೇ ನೋಡುತ್ತಿದ್ದರು.

ಇನ್ನು ಅಳತೆ. ಕರ್ಪೂರ ಎಣ್ಣೆ ಇದೆ ಅಂತ ಹೇಳುತ್ತದೆ, ಎಷ್ಟು ದೂರ ಹರಡಿತು ಅಂತ ತೋರಿಸುವುದಿಲ್ಲ. ಅದಕ್ಕೆ ನೀರಿನ ಮೇಲೆ ಹಗುರವಾದ ಪುಡಿ ಉದುರಿಸಬೇಕು. ಎಣ್ಣೆಯ ಹನಿ ಬಿದ್ದರೆ ಪುಡಿಯನ್ನು ತಳ್ಳಿಕೊಂಡು ಗುಂಡಗೆ ಬಯಲಾಗುತ್ತದೆ, ಆ ಬಯಲನ್ನು ಸ್ಕೇಲಿನಲ್ಲಿ ಅಳೆಯಬಹುದು. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಹಳೆಯ ಪುಸ್ತಕದಲ್ಲಿ ಇದು ಓಲಿಕ್ ಆಮ್ಲ ಮತ್ತು ಲೈಕೋಪೋಡಿಯಂ ಪುಡಿ ಅಂತ ಇತ್ತು. ಎರಡೂ ನಮ್ಮೂರಿನಲ್ಲಿ ಸಿಗುವುದಲ್ಲ. ಪುಡಿಗೆ ಅರಿಶಿನ ಹಾಕಿ ನೋಡಿದೆ, ಬಣ್ಣ ಚೆನ್ನಾಗಿ ಕಾಣುತ್ತೆ ಅಂತ. ಮುದ್ದೆ ಕಟ್ಟಿತು. ಅರಿಶಿನದಲ್ಲೇ ಎಣ್ಣೆಯ ಅಂಶ ಇದೆ ಅನ್ನೋದು ಆಮೇಲೆ ನೆನಪಾಯ್ತು. ಕೊನೆಗೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳನೆ ಪಂಚೆ ಬಟ್ಟೆಯಲ್ಲಿ ಕಟ್ಟಿ ತಟ್ಟಿದೆ, ಸರಿಹೋಯ್ತು.

ಎಣ್ಣೆಗೆ ಹರಳೆಣ್ಣೆ. ಇದು ಅಜ್ಜಿ ಕೊಟ್ಟ ಐಡಿಯಾ ಏನಲ್ಲ. ಉಳಿದ ಅಡುಗೆ ಎಣ್ಣೆಗಳು ಸ್ಪಿರಿಟ್ಟಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹರಳೆಣ್ಣೆ ಕರಗುತ್ತದೆ, ಅದಕ್ಕೆ. ಒಂದು ಮಿಲಿ ಹರಳೆಣ್ಣೆಗೆ ಸ್ಪಿರಿಟ್ ಸೇರಿಸಿ ನೂರು ಮಿಲಿ ಮಾಡಿದೆವು. ಅದರಲ್ಲಿ ಐದು ಮಿಲಿ ತೆಗೆದು ಮತ್ತೆ ನೂರು ಮಿಲಿ. ಈಗ ದ್ರಾವಣದಲ್ಲಿ ಎಣ್ಣೆ ಎರಡು ಸಾವಿರದಲ್ಲಿ ಒಂದು ಪಾಲು. ಸೂಜಿ ಹಾಕಿದ ಸಿರಿಂಜಿನಿಂದ ಒಂದು ಮಿಲಿಗೆ ಎಷ್ಟು ಹನಿ ಬರುತ್ತದೆ ಅಂತ ಎಣಿಸಿದರು, ಐವತ್ತು. ಹಾಗಾದರೆ ಒಂದು ಹನಿಯಲ್ಲಿರುವ ಎಣ್ಣೆ ಒಂದು ಮಿಲಿಯ ಲಕ್ಷದಲ್ಲಿ ಒಂದು ಪಾಲು. ಈ ಲೆಕ್ಕ ಹಾಕುವಷ್ಟು ಹೊತ್ತು ಮಕ್ಕಳು ತಾಳ್ಮೆಯಿಂದ ಇದ್ದದ್ದೇ ನನಗೆ ಆಶ್ಚರ್ಯ.

ಮೊದಲ ಹನಿ ಬಿತ್ತು. ಪೌಡರ್ ‘ಸರ್ರ್’ ಅಂತ ಹಿಂದೆ ಸರಿಯಿತು, ನಡುವೆ ಕನ್ನಡಿಯಂಥ ಗುಂಡನೆ ನೀರು. ಓಹೋ ಅಂತ ಕೂಗಿದರು. ಸ್ಕೇಲು ಇಡಬೇಕು ಅನ್ನುವಷ್ಟರಲ್ಲಿ ಮುಂದಿನ ಬೆಂಚಿನ ಒಬ್ಬಳು ಕೇಳಿದಳು, “ಮಿಸ್, ಪೌಡರನ್ನು ತಳ್ಳಿದ್ದು ಎಣ್ಣೆನಾ, ಸ್ಪಿರಿಟ್ಟಾ?”

ಇಡೀ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬಂದಿಲ್ಲ. ಒಂದು ಹನಿಯಲ್ಲಿ ಎಣ್ಣೆಗಿಂತ ಎರಡು ಸಾವಿರ ಪಟ್ಟು ಸ್ಪಿರಿಟ್ ಇರುವಾಗ ಅನುಮಾನ ಬರಲೇಬೇಕು. ಅವಳ ಕೈಗೇ ಸಿರಿಂಜ್ ಕೊಟ್ಟೆ, ಬರೀ ಸ್ಪಿರಿಟ್ ತುಂಬಿ. ಇನ್ನೊಂದು ತಟ್ಟೆಗೆ ಒಂದು ಹನಿ ಬಿಟ್ಟಳು. ಪೌಡರ್ ಇನ್ನೂ ಜೋರಾಗಿ ಹಿಂದೆ ಹೋಯಿತು. ಎಲ್ಲರೂ ನನ್ನ ಮುಖ ನೋಡಿದರು. ಒಂದೆರಡು ಸೆಕೆಂಡ್. ಆಮೇಲೆ ಪೌಡರ್ ಮೆಲ್ಲಗೆ ವಾಪಸ್ ಬಂದು ಬಯಲು ಮುಚ್ಚಿಕೊಂಡಿತು. ಸ್ಪಿರಿಟ್ ನೀರಿನಲ್ಲಿ ಬೆರೆತು, ಆರಿ, ಹೋಗಿತ್ತು. ಎಣ್ಣೆ ಇದ್ದ ತಟ್ಟೆಯ ಬಯಲು ಮಾತ್ರ ಹಾಗೇ ಇತ್ತು. ಅವಳು ಏನೂ ಹೇಳದೆ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಬಯಲಿನ ಅಡ್ಡಳತೆ ಒಂದು ಗುಂಪಿಗೆ 10 ಸೆಂಟಿಮೀಟರ್ ಬಂತು. ಲೆಕ್ಕ ಹಾಕಿದರೆ ಪದರದ ದಪ್ಪ 1.3 ನ್ಯಾನೋಮೀಟರ್. 12 ಬಂದ ಗುಂಪಿಗೆ 0.9. ಎಂಟೂವರೆ ಬಂದವರಿಗೆ 1.8. ಒಂದು ಗುಂಪಿಗೆ ನಾಲ್ಕೇ ಸೆಂಟಿಮೀಟರ್, ದಪ್ಪ ಎಂಟು ನ್ಯಾನೋಮೀಟರ್. ಅವರ ತಟ್ಟೆಗೆ ಇನ್ನೊಂದು ಸಲ ಬೂದಿ ಹಾಕಿಸಿದೆ. ಸ್ಕೇಲಿನಲ್ಲಿ, ಶಾಲೆಯ ಕಂಪಾಸ್ ಬಾಕ್ಸಿನಲ್ಲಿ ಬರುವ ಹದಿನೈದು ಸೆಂಟಿಮೀಟರ್ ಪ್ಲಾಸ್ಟಿಕ್ ಸ್ಕೇಲಿನಲ್ಲಿ, ಮಕ್ಕಳು ಒಂದು ನ್ಯಾನೋಮೀಟರನ್ನು ಅಳೆದಿದ್ದರು. ಕೂದಲಿನ 84 ಸಾವಿರದಲ್ಲಿ ಆ ಒಂದು ಸಿಕ್ಕಿತ್ತು.

ಇದು ಒಂದೇ ಅಣುವಿನ ದಪ್ಪ ಅಂತ ಹೇಗೆ ಹೇಳೋದು? ನಾವು ಅಳೆದದ್ದು ದಪ್ಪವನ್ನು ಮಾತ್ರ. ಅದು ಒಂದು ಅಣುವೋ, ಒಂದರ ಮೇಲೊಂದು ಐದಾರೋ, ಅಳತೆ ಹೇಳುವುದಿಲ್ಲ. ಆದರೆ ಒಂದು ಸುಳಿವು ಹಿಡಿಯಬಹುದು. ಎರಡು ಹನಿ ಹಾಕಿದರೆ ಬಯಲಿನ ಅಡ್ಡಳತೆ ಎಷ್ಟಾಗಬೇಕು ಅಂತ ಕೇಳಿದೆ. 20 ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ಹಾಕಿದಾಗ 14 ಬಂತು. ಬೇಜಾರಾದರು. ವಿಸ್ತಾರ ಲೆಕ್ಕ ಹಾಕಿ ಅಂದೆ. ವಿಸ್ತಾರ ಸರಿಯಾಗಿ ಎರಡರಷ್ಟು. ಎಣ್ಣೆ ಎರಡರಷ್ಟು, ಜಾಗ ಎರಡರಷ್ಟು, ಅಂದರೆ ದಪ್ಪ ಅಷ್ಟೇ. ಎಷ್ಟೇ ಹಾಕಿದರೂ ಎಣ್ಣೆ ಅದಕ್ಕಿಂತ ತೆಳ್ಳಗಾಗೋಕೂ ಒಪ್ಪುತ್ತಿಲ್ಲ, ದಪ್ಪಗಾಗೋಕೂ ಒಪ್ಪುತ್ತಿಲ್ಲ. ಏನೋ ಒಂದು ಅಲ್ಲಿ ಇನ್ನು ಸೀಳುವುದಿಲ್ಲ ಅನ್ನುತ್ತಿದೆ.

ಆ ದಿನ ಬೆಲ್ ಆದ ಮೇಲೆ ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ್ದನ್ನು ಅವಸರದಲ್ಲಿ ಹೇಳಿದೆ. ಲಂಡನ್ನಿನ ಕ್ಲಾಪಂ ಕಾಮನ್ ಅನ್ನೋ ಬಯಲಿನ ಕೆರೆಗೆ ಅವರು ಒಂದು ಟೀ ಚಮಚಕ್ಕಿಂತ ಹೆಚ್ಚಿಲ್ಲದ ಎಣ್ಣೆ ಹಾಕಿದ್ದರು, ಅದು ಅರ್ಧ ಎಕರೆಯಷ್ಟು ಹರಡಿತು ಅಂತ 1774ರಲ್ಲಿ ಪ್ರಕಟಿಸಿದರು. ಬಿದಿರಿನ ಕೈಗೋಲಿನ ಟೊಳ್ಳಿನಲ್ಲಿ ಎಣ್ಣೆ ಇಟ್ಟುಕೊಂಡು ಓಡಾಡುತ್ತಿದ್ದರಂತೆ, ಕೆರೆ ಕಂಡಲ್ಲಿ ಹಾಕೋಕೆ. ಅರ್ಧ ಎಕರೆ ಅಂದರೆ ನಮ್ಮ ಮಕ್ಕಳಿಗೆ ತಕ್ಷಣ ಇಪ್ಪತ್ತು ಗುಂಟೆ. ಎರಡು ಸಾವಿರ ಚದರ ಮೀಟರ್. ಐದು ಮಿಲಿಯನ್ನು ಅದರಿಂದ ಭಾಗಿಸಿದರೆ ಎರಡೂವರೆ ನ್ಯಾನೋಮೀಟರ್. ಫ್ರಾಂಕ್ಲಿನ್ ಆ ಭಾಗಾಕಾರ ಮಾಡಲಿಲ್ಲ, ಅವರ ಗಮನ ಇದ್ದದ್ದು ಅಲೆಗಳ ಮೇಲೆ. ನಮ್ಮ ಒಂಬತ್ತನೇ ಕ್ಲಾಸು ಬಾಗಿಲಲ್ಲಿ ನಿಂತೇ ಮಾಡಿಬಿಟ್ಟಿತು.

ಉಳಿದ ಪ್ರಯೋಗಗಳು ಇದರಷ್ಟು ಹಿಡಿಸಲಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಬೇಕು. ಕೆಸುವಿನ ಎಲೆ ಮಾತ್ರ ಚೆನ್ನಾಗಿ ಆಯ್ತು. ನಮ್ಮ ಕಡೆ ಮಳೆಗಾಲದಲ್ಲಿ ಪತ್ರೊಡೆಗೆ ಎಲೆ ಕೊಯ್ಯದ ಮನೆ ಇಲ್ಲ, ಅದರ ಮೇಲೆ ನೀರು ಮುತ್ತಿನ ಹಾಗೆ ಓಡಾಡುವುದನ್ನು ನೋಡದ ಮಗು ಇಲ್ಲ. ಎಲೆಯ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಒಂದು ಹನಿ ನೀರು ಉರುಳಿಸಿದರೆ ಹನಿ ಪುಡಿಯನ್ನೆಲ್ಲ ಗುಡಿಸಿಕೊಂಡು ಇಳಿಯುತ್ತದೆ. ಆಮೇಲೆ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ ಮತ್ತೆ ಹನಿ ಬಿಡಿ. ಅಲ್ಲಿ ಅಂಟಿಕೊಳ್ಳುತ್ತದೆ. ಉಜ್ಜಿದ್ದು ಮೇಣವನ್ನು. ಎಲೆಯ ಮೇಲೆ ಮೈಕ್ರಾನ್ ಲೆಕ್ಕದ ಗುಬುಟುಗಳು, ಅವುಗಳ ಮೇಲೆ ನ್ಯಾನೋಮೀಟರ್ ಲೆಕ್ಕದ ಮೇಣದ ಹರಳುಗಳು, ನಡುವೆ ಸಿಕ್ಕಿಕೊಂಡ ಗಾಳಿ. ನೀರು ಎಲೆಯನ್ನು ಮುಟ್ಟುವುದೇ ಕಡಿಮೆ. ತಾವರೆ ಎಲೆಯಲ್ಲಿ ಇದನ್ನು ವಿವರವಾಗಿ ತೋರಿಸಿದ್ದು ಜರ್ಮನಿಯ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಅವರ ಜೊತೆಗಾರ, 1997ರ ಲೇಖನದಲ್ಲಿ. ತಾವರೆ ಎಲೆಯ ಮೇಲಿನ ನೀರಿನ ಹಾಗೆ ಅಂಟಿಯೂ ಅಂಟದಂತಿರು ಅಂತ ನಮ್ಮ ಹಿರಿಯರು ಹೇಳಿಕೊಂಡೇ ಬಂದಿದ್ದರು, ಮೇಣದ ವಿಷಯ ಮಾತ್ರ ಹೇಳಿರಲಿಲ್ಲ. ಸೋಪಿನ ನೀರು, ಸ್ಪಿರಿಟ್, ಎಣ್ಣೆ ಮೂರೂ ಎಲೆಯನ್ನು ತೋಯಿಸುತ್ತವೆ ಅಂತ ಮಕ್ಕಳೇ ಹಾಕಿ ನೋಡಿ ಹೇಳಿದರು. (ಕೆಸು ತಿಂದರೆ ಬಾಯಿ ತುರಿಸುವುದು ಬೇರೆ ವಿಷಯ. ಅದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು, ನ್ಯಾನೋಗಿಂತ ಎಷ್ಟೋ ದೊಡ್ಡವು. ಹುಣಸೆಹುಳಿ ಹಾಕಿ.)

ತುಳಸಿ ಮತ್ತು ಬೆಳ್ಳಿಯ ಪ್ರಯೋಗದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಈಗ ಯಾವ ವಿಜ್ಞಾನ ವಸ್ತು ಪ್ರದರ್ಶನಕ್ಕೆ ಹೋದರೂ ಅದು ಇದ್ದೇ ಇರುತ್ತದೆ. ಸಿಲ್ವರ್ ನೈಟ್ರೇಟಿನ ತೆಳು ದ್ರಾವಣಕ್ಕೆ ತುಳಸಿ ಕಷಾಯ ಹಾಕಿದರೆ ಬಣ್ಣ ಹಳದಿಯಾಗಿ, ಕಂದಾಗುತ್ತದೆ. ಬೆಳ್ಳಿಯ ನ್ಯಾನೋಕಣ ರೆಡಿ, ಬಹುಮಾನ ಕೊಡಿ. ನಾವೂ ಮಾಡಿದೆವು. ಬಾವಿ ನೀರಿನಲ್ಲಿ ಮಾಡಿ ಬಿಳಿ ಮಜ್ಜಿಗೆ ಬಂತು, ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡಿತ್ತು. ಗ್ಯಾರೇಜಿನಿಂದ ಬ್ಯಾಟರಿ ನೀರು ತಂದ ಮೇಲೆ ಕಂದು ಬಣ್ಣ ಬಂತು. ಪ್ರದರ್ಶನದಲ್ಲಿ ತೀರ್ಪುಗಾರರೊಬ್ಬರು ನಮ್ಮ ಹುಡುಗಿಗೆ ಕೇಳಿದರು, “ಕಷಾಯವೇ ಕಂದು ಬಣ್ಣ ಅಲ್ವಾ? ನ್ಯಾನೋ ಎಲ್ಲಿದೆ?” ಸ್ಪಿರಿಟ್ಟಿನ ಪ್ರಶ್ನೆ ಕೇಳಿದ್ದವಳೇ ಅವಳು. “ಗೊತ್ತಿಲ್ಲ ಸಾರ್. ಬಣ್ಣ ಬದಲಾಗಿದೆ ಅಂತ ಮಾತ್ರ ಗೊತ್ತು” ಅಂದಳು. ಬಹುಮಾನ ಬರಲಿಲ್ಲ. ನನಗೆ ಆ ಉತ್ತರ ಬಹುಮಾನಕ್ಕಿಂತ ಜಾಸ್ತಿ ಅನ್ನಿಸಿತು, ಅವಳಿಗೆ ಅನ್ನಿಸಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ದಾರಿ ಮಾತಾಡಲಿಲ್ಲ.

ಆಮೇಲೆ ಆ ಸೀಸೆಯನ್ನು ಒಂದು ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ವಿಭಾಗಕ್ಕೆ ಒಯ್ದು ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಅಂತ ನೋಡಿಸಿದೆವು. ಕಷಾಯದ ಗೆರೆ ಬೇರೆ, ನಮ್ಮ ಸೀಸೆಯ ಗೆರೆ ಬೇರೆ. 430 ನ್ಯಾನೋಮೀಟರ್ ಹತ್ತಿರ ಒಂದು ಗುಡ್ಡ ಎದ್ದಿತ್ತು. ನೇರಳೆ-ನೀಲಿ ಬೆಳಕನ್ನು ಬೆಳ್ಳಿಯ ಪುಟ್ಟ ಕಣಗಳು ನುಂಗುತ್ತವೆ, ಉಳಿದದ್ದು ಹಳದಿಯಾಗಿ ಕಾಣುತ್ತದೆ. ಚಿನ್ನವೂ ಹೀಗೇ, ಪುಟ್ಟದಾದರೆ ಮಾಣಿಕ್ಯದಂತೆ ಕೆಂಪು. ಮೈಕೆಲ್ ಫ್ಯಾರಡೆ 1850ರ ದಶಕದಲ್ಲಿ ಮಾಡಿದ ಚಿನ್ನದ ದ್ರಾವಣದ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇವತ್ತಿಗೂ ಇವೆ. ಚಿನ್ನ ಕೆಂಪಾಗುತ್ತದೆ ಅಂದರೆ ನಮ್ಮ ಮಕ್ಕಳ ತಾಯಂದಿರು ಮೋಸ ಅಂತಲೇ ತಿಳಿಯುತ್ತಾರೆ. ಆದರೆ ನ್ಯಾನೋದಲ್ಲಿ ನಿಜವಾದ ತಿರುಳು ಇದೇ. ಸಣ್ಣದು ಅನ್ನೋದಕ್ಕಿಂತ, ಸಣ್ಣದಾದರೆ ವಸ್ತುವಿನ ಗುಣವೇ ಬೇರೆಯಾಗುತ್ತದೆ ಅನ್ನೋದು. ಇದನ್ನು ಶಾಲೆಯಲ್ಲಿ ಅಳೆದು ತೋರಿಸೋ ದಾರಿ ನನಗಿನ್ನೂ ಸಿಕ್ಕಿಲ್ಲ. ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ 1989ರಲ್ಲಿ ಕಟ್ಟಿದ ಜವಾಹರಲಾಲ್ ನೆಹರು ಕೇಂದ್ರದಲ್ಲಿ, ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಇದನ್ನೇ ದಿನವೂ ಮಾಡುವವರಿದ್ದಾರೆ. ಸಾಗರದಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸು. ಐಐಎಸ್‌ಸಿಯಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಬೇಕು ಅಂತ ಇದೆ.

(ಬೆಳ್ಳಿಯ ಪ್ರಯೋಗ ಮಾಡುವವರಿಗೆ: ಉಳಿದದ್ದನ್ನು ಚರಂಡಿಗೆ ಚೆಲ್ಲಬೇಡಿ. ಉಪ್ಪಿನ ನೀರು ಹಾಕಿ, ಕೆಳಗೆ ಕೂತ ಬಿಳಿಯನ್ನು ಸೋಸಿ ಬೇರೆ ಇಡಿ. ಕೈಗವಸು ಹಾಕಿ. ನನ್ನ ಬೆರಳು ಎರಡು ವಾರ ಕಪ್ಪಾಗಿತ್ತು.)

ವರ್ಷದ ಕೊನೆಯಲ್ಲಿ ಪ್ರಾಜೆಕ್ಟ್ ಪುಸ್ತಕ ತಿದ್ದುತ್ತಾ ಕೂತಿದ್ದೆ. 84 ಸಾವಿರದ ಹುಡುಗನ ಪುಸ್ತಕದಲ್ಲಿ ಎರಡು ಪುಟ ಬಿಟ್ಟು ಒಂದು ನಕ್ಷೆ ಇತ್ತು. ನಮ್ಮ ಊರ ಕೆರೆ. ದಂಡೆಯ ಅರಳಿಮರ, ಬಟ್ಟೆ ಒಗೆಯುವ ಕಲ್ಲು ಎಲ್ಲ ಬರೆದಿದ್ದ. ಪಕ್ಕದಲ್ಲಿ ಲೆಕ್ಕ: ಕೆರೆ 6 ಎಕರೆ. ಅರ್ಧ ಎಕರೆಗೆ ಒಂದು ಚಮಚ. ಒಟ್ಟು 12 ಚಮಚ ಎಣ್ಣೆ. ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು: ‘ಗಾಳಿ ಜೋರಾಗಿರುವ ದಿನ ಮಾಡಬೇಕು. ಗಾಳಿ ಬರುವ ದಂಡೆಯಲ್ಲಿ ನಿಂತು ಹಾಕಬೇಕು.’

ಕರೆದು ಹೇಳಿದೆ, ಕೆರೆಗೆ ಎಣ್ಣೆ ಹಾಕೋದೆಲ್ಲ ಬೇಡ, ಪಂಚಾಯ್ತಿಯವರು ಮೀನಿನ ಟೆಂಡರ್ ಕೊಟ್ಟಿದ್ದಾರೆ, ನನ್ನ ಕೆಲಸ ಹೋಗುತ್ತೆ. ಆಯ್ತು ಅಂದ. ಈ ಗಾಳಿಯ ವಿಷಯ ಯಾಕೆ ಬರೆದೆ ಅಂತ ಕೇಳಿದೆ. ತಟ್ಟೆಯ ಪ್ರಯೋಗಕ್ಕೆ ನಾವು ಫ್ಯಾನನ್ನೂ ಆರಿಸಿ, ಕಿಟಕಿಯನ್ನೂ ಮುಚ್ಚಿದ್ದೆವು.

“ಅಷ್ಟು ದೊಡ್ಡ ಕೆರೆಗೆ ಪೌಡರ್ ಹಾಕಕ್ಕಾಗಲ್ಲ ಅಲ್ವಾ ಮಿಸ್? ಗಾಳಿ ಇದ್ರೆ ಅಲೆ ಇರುತ್ತೆ. ಎಣ್ಣೆ ಹೋದಲ್ಲಿ ಅಲೆ ಸಪಾಟಾಗುತ್ತೆ, ಎಲ್ಲಿವರೆಗೆ ಹೋಯ್ತು ಅಂತ ಕಾಣುತ್ತೆ. ಆ ಕಡೆ ದಂಡೆಯಿಂದ ಹಾಕಿದ್ರೆ ಗಾಳಿಗೆ ನಮ್ಮ ಕಾಲ ಹತ್ರಾನೇ ವಾಪಸ್ ಬರುತ್ತೆ.”

ಫ್ರಾಂಕ್ಲಿನ್ ಮೊದಲ ಸಲ ಎಣ್ಣೆ ಹಾಕಿದ್ದು ಆ ಕಡೆ ದಂಡೆಯಿಂದಲೇ. ಎಣ್ಣೆ ದಡಕ್ಕೇ ವಾಪಸ್ ಬಂದಿತ್ತು. ಆಮೇಲೆ ಸುತ್ತಿ ಹೋಗಿ ಗಾಳಿ ಬರುವ ಕಡೆ ನಿಂತು ಹಾಕಿದ್ದರು. ಇದನ್ನು ನಾನು ಕ್ಲಾಸಿನಲ್ಲಿ ಹೇಳಿರಲಿಲ್ಲ.